ಅಪ್ಪನ ಪಕ್ಕದ ಜಾಗ

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹೆಂಗಸರು ಕಾಯುವ ಕೋಣೆಯೊಳಗೆ, ಕುಡಿಯುವ ನೀರಿನ ಯಂತ್ರದ ಪಕ್ಕ ಒಂದು ಕುರ್ಚಿಯಿತ್ತು. ಏಸಿಯ ಗಾಳಿ ಅಲ್ಲಿಗೆ ನೇರವಾಗಿ ಬೀಳುತ್ತಿರಲಿಲ್ಲ. ಆ ಕುರ್ಚಿ ಸಿಕ್ಕಿದ ದಿನ ದೇವರಿಗೆ ಸ್ತೋತ್ರ ಹೇಳುತ್ತಿದ್ದೆ; ನಮ್ಮಲ್ಲಿ ಉಪಕಾರ ನೆನೆಯುವುದಕ್ಕೆ ಅದೇ ಮಾತು. ನಗಬೇಡಿ. ಚಿಕಿತ್ಸೆಯ ಆ ಎಂಟು ತಿಂಗಳಲ್ಲಿ ನಾನು ಹೇಳಿದ ಸ್ತೋತ್ರಗಳೆಲ್ಲ ಇಷ್ಟಿಷ್ಟೇ ಗಾತ್ರದವು. ದೊಡ್ಡ ಪ್ರಾರ್ಥನೆಗೆ ಬಾಯಿ ಬರುತ್ತಿರಲಿಲ್ಲ.

ಆ ಕಾಯಿಲೆ ನನ್ನನ್ನು ಬಿಟ್ಟು ಈಗ ಕೆಲವು ವರ್ಷಗಳಾದವು. ಬಿಟ್ಟಿದೆ ಎನ್ನುವುದು ಡಾಕ್ಟರ ಮಾತು. ನಾನಂತೂ ಪ್ರತಿ ತಪಾಸಣೆಯ ಹಿಂದಿನ ದಿನ ಈಗಲೂ ಸರಿಯಾಗಿ ಉಣ್ಣುವುದಿಲ್ಲ. ಯಾರಾದರೂ ಒಬ್ಬ ಹೆಂಗಸು ಪರವೂರಿನಲ್ಲಿ, ಅಂಥದೇ ಒಂದು ಕುರ್ಚಿಯಲ್ಲಿ, ಮಡಿಲಲ್ಲಿ ಫೈಲು ಇಟ್ಟುಕೊಂಡು ಕೂತಿದ್ದರೆ ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಧೈರ್ಯ ಹೇಳಲಿಕ್ಕೆ ನನಗೆ ಬರುವುದಿಲ್ಲ. ನಾನೂ ಅಲ್ಲಿ ಕೂತಿದ್ದೆ ಎಂದು ಹೇಳಬಹುದು, ಅಷ್ಟೆ.

ನಾವಾಗ ದೋಹಾದ ಬಿನ್ ಒಮ್ರಾನ್‌ನಲ್ಲಿ, ಕೆಳಗೆ ಲಾಂಡ್ರಿ ಇರುವ ಕಟ್ಟಡದ ಎರಡನೇ ಮಹಡಿಯಲ್ಲಿದ್ದೆವು. ನನ್ನ ಗಂಡ ಎಡ್ವಿನ್ ಏಸಿ ಬಿಡಿಭಾಗಗಳ ಕಂಪೆನಿಯೊಂದರಲ್ಲಿ ಸ್ಟೋರ್‌ಕೀಪರ್. ಮಗಳು ಅನುಷಾ ಮೂರನೇ ಕ್ಲಾಸು. ಊರು ಉಡುಪಿಯ ಹತ್ತಿರ. ನಾವು ಪ್ರೊಟೆಸ್ಟೆಂಟರು, ಮನೆಯಲ್ಲಿ ತುಳು, ದೇವರ ಹತ್ತಿರ ಕನ್ನಡ.

ಗಂಟು ಕೈಗೆ ಸಿಕ್ಕಿದ್ದು ಜೂನ್ ತಿಂಗಳಲ್ಲಿ, ಸ್ನಾನ ಮಾಡುವಾಗ. ಎಡಗಡೆ ಎದೆಯಲ್ಲಿ, ಕಡಲೆಕಾಳಿನಷ್ಟು. ಜುಲೈಯಲ್ಲಿ ರಜೆಗೆ ಊರಿಗೆ ಹೋಗಲು ಟಿಕೆಟ್ ಆಗಿತ್ತು. ಹೇಳಿದರೆ ಎಲ್ಲಿ ಪ್ರಯಾಣ ನಿಲ್ಲುತ್ತದೋ ಎಂದು ಯಾರಿಗೂ ಹೇಳಲಿಲ್ಲ. ಊರಿನಲ್ಲಿ ಒಂದು ತಿಂಗಳು ಅಮ್ಮನ ಕೈಯ ಒಣಮೀನಿನ ಚಟ್ನಿ, ಗಂಜಿ ಉಂಡುಕೊಂಡು ಇದ್ದೆ. ಒಂದು ಸಂಜೆ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಹೇಳಿಬಿಡಲೇ ಎನಿಸಿತು. ಅಷ್ಟರಲ್ಲಿ ಅವಳು, "ಎಷ್ಟು ದಪ್ಪ ಉಂಟು ಮಾರಾಯ್ತಿ ನಿನ್ನ ಕೂದಲು! ನನ್ನ ಹಾಗೇ" ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಅದು ನಾನು ಅಮ್ಮನನ್ನು ಕಂಡ ಕೊನೆಯ ರಜೆ. ಆಗ ಹೇಳಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಏನೂ ಆಗುತ್ತಿರಲಿಲ್ಲವೇನೋ. ಆದರೂ.

ಸೆಪ್ಟೆಂಬರಿನಲ್ಲಿ ಆಸ್ಪತ್ರೆಗೆ ಹೋದಾಗ ಗಂಟು ಅಡಿಕೆಯಷ್ಟಾಗಿತ್ತು. ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಕಾಯುವ ಕೋಣೆಯ ತುಂಬ ಹೆಂಗಸರು. ಬಾಗಿಲ ಹತ್ತಿರ ಒಬ್ಬ ಅರಬಿ ಹೆಂಗಸು ಹಾಳೆ ನೋಡಿ ಹೆಸರು ಕೂಗುತ್ತಿದ್ದಳು. ಹೆಸರು ಕೂಗಿದವರು ಎದ್ದು ಒಳಗೆ ಹೋಗುವುದು. ನನ್ನ ಹೆಸರು ಪ್ರೇಮಲತಾ. ಅರಬಿ ನಾಲಿಗೆಗೆ 'ಪ' ಹೊರಳುವುದಿಲ್ಲ. "ಬ್ರೇಮಾ! ಬ್ರೇಮಾ!" ಎಂದು ಅವಳು ಎರಡು ಸಲ ಕೂಗಿದಳು. ನಾನೇ ಅದು ಎಂದು ಗೊತ್ತಿತ್ತು. ಕಾಲು ಏಳಲಿಲ್ಲ. ಹೊರಗೆ ಗಂಡಸರ ಕಡೆ ನಿಂತಿದ್ದ ಎಡ್ವಿನ್ ಬಾಗಿಲಲ್ಲಿ ತಲೆಹಾಕಿ, "ಪ್ರೇಮ, ನಿನ್ನನ್ನೇ ಕರೆಯುವುದು. ಏಳು" ಎಂದರು.

ಡಾಕ್ಟರು ಸುಡಾನಿನವರು, ದೊಡ್ಡ ಮೈಯ ಹೆಂಗಸು, ಮೆತ್ತಗಿನ ಇಂಗ್ಲಿಷ್. ಅವರು ನನ್ನ ಕೈ ಹಿಡಿದಾಗಲೇ ಅರ್ಥವಾಯಿತು. ಪೂರ್ತಿ ತೆಗೆಯಬೇಕು, ಆಮೇಲೆ ಕೀಮೋ, ಆಮೇಲೆ ರೇಡಿಯೇಷನ್. "ಏನಾದರೂ ಕೇಳಲಿಕ್ಕೆ ಉಂಟಾ?" ಎಂದರು. ಎಡ್ವಿನ್, "ಇದಕ್ಕೆ ನಾನು ಎಷ್ಟು ದಿನ ಲೀವ್ ಹಾಕಬೇಕು?" ಎಂದು ಕೇಳಿದರು. ಪಾಪ, ಅವರ ತಲೆಗೆ ಹೊಳೆದದ್ದು ಅಷ್ಟೇ. ಹೊರಗೆ ಬಂದಾಗ ಕಾರು ಎಲ್ಲಿ ನಿಲ್ಲಿಸಿದ್ದೇವೆ ಎಂದು ಇಬ್ಬರಿಗೂ ಮರೆತುಹೋಗಿತ್ತು. ಆ ಬಿಸಿಲಲ್ಲಿ ಅರ್ಧ ಗಂಟೆ ಹುಡುಕಿದೆವು. ಅಳಲಿಕ್ಕೂ ಪುರುಸೊತ್ತಾಗದ ಹಾಗೆ ಮಾಡಿದ ಆ ಕಾರಿಗೂ ಸ್ತೋತ್ರ.

ಆ ದಿನ ಮನೆಗೆ ಬಂದು ನಾನು ಮೊದಲು ಕೇಳಿದ್ದು ಒಂದೇ. "ನಾನು ಇಲ್ಲಿ ಸತ್ತರೆ ನನ್ನನ್ನು ಊರಿಗೆ ಕಳಿಸ್ಬೇಕು. ಅಪ್ಪನ ಹತ್ತಿರ ಹಾಕ್ಬೇಕು."

"ಹುಚ್ಚು ಹುಚ್ಚು ಮಾತಾಡ್ಬೇಡ" ಎಂದರು ಎಡ್ವಿನ್.

ಹುಚ್ಚಲ್ಲ. ಹಿಂದಿನ ವರ್ಷ ನಮ್ಮದೇ ಕಟ್ಟಡದವರೊಬ್ಬರು ತೀರಿಕೊಂಡಾಗ ಅವರ ಪೆಟ್ಟಿಗೆ ವಿಮಾನ ಹತ್ತಲು ಎಷ್ಟು ಕಾಗದ, ಎಷ್ಟು ಸೀಲು ಬೇಕಾಯಿತು ಎಂದು ನೋಡಿದ್ದೆ. ಸಾಯುವುದಕ್ಕಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು.

ಅಪ್ಪನ ಹತ್ತಿರ ಎಂದದ್ದು ಯಾಕೆಂದು ಹೇಳಬೇಕು. ನಮ್ಮ ಊರ ಸಭೆಯಲ್ಲಿ ಈಸ್ಟರ್ ಆರಾಧನೆ ಶುರುವಾಗುವುದು ದೇವಾಲಯದಲ್ಲಲ್ಲ, ಅದರ ಹಿಂದಿನ ಸ್ಮಶಾನದಲ್ಲಿ, ಸೂರ್ಯ ಏಳುವಾಗ. ಹಿಂದೆ ಬಂದ ಜರ್ಮನ್ ಪಾದ್ರಿಗಳು ಬಿಟ್ಟುಹೋದ ಕ್ರಮ. ಹಿಂದಿನ ದಿನ ಶನಿವಾರ ಎಲ್ಲರೂ ತಮ್ಮ ತಮ್ಮವರ ಸಮಾಧಿ ಗುಡಿಸಿ, ಸುಣ್ಣ ಬಳಿದು, ಹೆಸರಿನ ಮೇಲೆ ಹೊಸದಾಗಿ ಕಪ್ಪು ಪೇಂಟ್ ಎಳೆಯುತ್ತಾರೆ. ಅಪ್ಪ ಇದ್ದಾಗ ಅಜ್ಜ ಅಜ್ಜಿಯ ಹೆಸರು ಬರೆಯುವ ಕೆಲಸ ನನ್ನದು. ಅಪ್ಪ ಹೋದ ಮೇಲೆ ಅಪ್ಪನದನ್ನೂ ನಾನೇ ಬರೆದೆ, ಮದುವೆಯಾಗಿ ಇಲ್ಲಿಗೆ ಬರುವವರೆಗೆ. ಮುಂಜಾನೆ ಮೇಣದಬತ್ತಿ ಹಿಡಿದು ಸಮಾಧಿಗಳ ನಡುವೆ ನಿಂತಿರುವಾಗ ಅಯ್ಯನವರು, ಅಂದರೆ ನಮ್ಮ ಬೋಧಕರು, ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಓದುತ್ತಾರೆ. ಒಂದೊಂದು ಹೆಸರಿಗೂ ಸಭೆಯೆಲ್ಲ, "ಕರ್ತನು ಎದ್ದಿದ್ದಾನೆ" ಎನ್ನುತ್ತದೆ. ಸತ್ತವರ ಪರವಾಗಿ ಬದುಕಿದ್ದವರು ಕೊಡುವ ಉತ್ತರ ಅದು.

ಅಲ್ಲಿ ಗಂಡನೋ ಹೆಂಡತಿಯೋ ತೀರಿಕೊಂಡರೆ ಪಕ್ಕದ ಜಾಗವನ್ನು ಉಳಿದವರ ಹೆಸರಿಗೆ ಸ್ಮಶಾನದ ಪುಸ್ತಕದಲ್ಲಿ ಬರೆದಿಡುವುದು ರೂಢಿ. ಅಪ್ಪನ ಪಕ್ಕ ಅಮ್ಮನದು. ಬೇರೆ ಜಾಗ ಇರುವುದು ಹಿಂದಿನ ಗೋಡೆಯ ಬದಿಯಲ್ಲಿ ಮಾತ್ರ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ಅಪ್ಪನ ಹತ್ತಿರ ಎಂದೆ. ಹೆದರಿದ ಮಗು ಅಪ್ಪ ಎನ್ನುತ್ತದಲ್ಲ, ಹಾಗೆ.

ಆಪರೇಷನ್ ಅಕ್ಟೋಬರಿನಲ್ಲಿ ಆಯಿತು. ಬ್ಯಾಂಡೇಜು ಬಿಚ್ಚಿದ ದಿನ ಬಚ್ಚಲಿನ ಕನ್ನಡಿಗೆ ಟವೆಲ್ ಹೊದೆಸಿಟ್ಟೆ. ನವೆಂಬರಿನಲ್ಲಿ ಕೀಮೋ ಶುರುವಾಗಿ ಎರಡನೇ ವಾರಕ್ಕೆ ಕೂದಲು ಮುಷ್ಟಿ ಮುಷ್ಟಿ ಬಂತು. ಉಳಿದದ್ದನ್ನು ಎಡ್ವಿನ್ ತಮ್ಮ ಗಡ್ಡದ ಮೆಷಿನ್ನಿನಲ್ಲಿ ತೆಗೆದರು. ಅನುಷಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮಮ್ಮಿ, ಹೇರ್ ಪುನಃ ಬರ್ತದಾ?"

"ಬರ್ತದೆ ಮಗಾ."

"ಸೇಮ್ ಹೇರಾ?"

ನಾನು ನೆಲದ ಮೇಲಿನ ಕೂದಲು ಗುಡಿಸತೊಡಗಿದೆ.

ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಗಿರಿಜಕ್ಕ ಕೇಳಿದರು. ಅವರು ಎದುರು ಫ್ಲಾಟಿನವರು, ಕಾರ್ಕಳ ಕಡೆಯವರು, ಅವರ ಯಜಮಾನರದು ದೋಹಾ ಅಲ್ ಜದೀದಾದಲ್ಲಿ ಸಣ್ಣ ಹೊಟೇಲು. ಕೀಮೋ ಆದ ಮೂರು ದಿನ ನನ್ನನ್ನು ಒಲೆ ಹಚ್ಚಲು ಅವರು ಬಿಟ್ಟವರಲ್ಲ. ಮಾತು ಮಾತ್ರ ಚೂರಿಯ ಹಾಗೆ.

"ಎಡ್ವಿನ್ ಮಾಡಿದ ಗಂಜಿ ಇದಾ? ಗೋಡೆಗೆ ಕಾಗದ ಅಂಟಿಸ್ಲಿಕ್ಕೆ ಆದೀತು" ಎಂದು ಚೆಲ್ಲಿ, ತಮ್ಮ ಪಾತ್ರೆಯಿಂದ ಬಡಿಸುತ್ತಿದ್ದರು. ಒಂದು ದಿನ ನಾನು ಉಣ್ಣುವುದನ್ನೇ ನೋಡುತ್ತ ಕೂತು ಕೇಳಿದರು. "ಅಲ್ಲ ಪ್ರೇಮ, ನಿಮ್ಮಲ್ಲಿ ಸತ್ತವರು ಒಂದು ದಿನ ಎದ್ದು ಬರ್ತಾರೆ ಅಂತ ಹೇಳ್ತಾರಲ್ಲ. ಎಂಥ ಮೈಯಲ್ಲಿ ಏಳುವುದು? ಇದೇ ಮೈಯಾ? ಕೊಯ್ದು ಹಾಕಿದ್ದು ಸಮೇತ ಬರ್ತದಾ, ಇಲ್ಲ ಹೀಗೇ ಏಳ್ಬೇಕಾ?"

ತಮಾಷೆಗೆ ಕೇಳಿದ್ದಲ್ಲ. ಅವರ ಕಣ್ಣಲ್ಲಿ ನೀರಿತ್ತು. ನಾನು ಪ್ರತಿ ಆದಿತ್ಯವಾರ ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಎಂದು ಸಭೆಯ ಜೊತೆ ಹೇಳುತ್ತ ಬೆಳೆದವಳು. ಒಂದು ದಿನವೂ ಯಾವ ಶರೀರ ಎಂದು ಕೇಳಿಕೊಂಡಿರಲಿಲ್ಲ. "ಗೊತ್ತಿಲ್ಲ ಗಿರಿಜಕ್ಕ" ಎಂದೆ. ನಿಜ ಹೇಳುತ್ತೇನೆ, ಆಗ ನನಗೆ ಎದ್ದು ಬರುವುದು ಬೇಕಿರಲಿಲ್ಲ. ಮಲಗದೆ ಇರುವುದು ಬೇಕಿತ್ತು. ಅನುಷಾಳಿಗೆ ಜಡೆ ಹಾಕಬೇಕಿತ್ತು. ಆಗ ದೋಹಾದಲ್ಲಿ ಚರ್ಚಿನ ಕಟ್ಟಡಗಳು ಇನ್ನೂ ಆಗಿರಲಿಲ್ಲ. ನಾವು ಹತ್ತಿಪ್ಪತ್ತು ಕುಟುಂಬ ಶುಕ್ರವಾರಗಳಲ್ಲಿ ಮುಐದರಿನ ಒಂದು ವಿಲ್ಲಾದಲ್ಲಿ ಸೇರಿ, ಕಿಟಕಿ ಮುಚ್ಚಿ ಹಾಡುತ್ತಿದ್ದೆವು. ಅಲ್ಲಿಯವರು ನನ್ನ ತಲೆಯ ಮೇಲೆ ಕೈಯಿಟ್ಟು ಪರಲೋಕದ ನಿರೀಕ್ಷೆಯ ಬಗ್ಗೆ ಪ್ರಾರ್ಥಿಸುವಾಗ ನಾನು ಒಳಗೊಳಗೆ, 'ಈಗ ಬೇಡ, ಈಗ ಬೇಡ' ಎನ್ನುತ್ತಿದ್ದೆ.

ನಾಲ್ಕನೇ ಕೀಮೋ ಆದ ವಾರ ತಮ್ಮ ಜೀವನ್ ಊರಿನಿಂದ ಫೋನು ಮಾಡಿದ. ಅಮ್ಮ ಅವನ ಜೊತೆಗೇ ಇರುವುದು. ಏನೇನೋ ಮಾತಾಡುತ್ತ ಬಾಯಿ ಜಾರಿ ಹೇಳಿದ. "ಅಮ್ಮ ಮೊನ್ನೆ ಚರ್ಚ್ ಆಫೀಸಿಗೆ ಹೋಗಿ ಬಂದ್ಳು, ಅಪ್ಪನ ಪಕ್ಕದ ಜಾಗ..." ಅಲ್ಲಿಗೆ ನಿಲ್ಲಿಸಿದ.

"ಜಾಗ ಎಂತ?"

"ಎಂತ ಇಲ್ಲ ಅಕ್ಕ."

"ಜೀವನ್, ಹೇಳು."

ಅಮ್ಮ ತನ್ನ ಹೆಸರು ಹೊಡೆದುಹಾಕಿಸಿ ಅಲ್ಲಿ ನನ್ನ ಹೆಸರು ಬರೆಸಿದ್ದಳು. ನಾನು ಎಡ್ವಿನ್‌ಗೆ ಹೇಳಿದ್ದು ಜೀವನ್‌ಗೆ ತಲುಪಿ, ಅವನಿಂದ ಅವಳ ಕಿವಿಗೆ ಬಿದ್ದಿತ್ತು.

ನಾನೇ ಕೇಳಿದ್ದು. ಆದರೂ ಎದೆಗೆ ಒದ್ದ ಹಾಗಾಯಿತು. ನನಗೆ ಗುಂಡಿ ಸಿದ್ಧಮಾಡಿಬಿಟ್ಟಳಲ್ಲ! ಬೇರೆಯವರೆಲ್ಲ ನಾನು ಬದುಕುತ್ತೇನೆ ಎಂದು ಸುಳ್ಳಾದರೂ ಹೇಳುತ್ತಿರುವಾಗ ಹೆತ್ತವಳು ಪುಸ್ತಕದಲ್ಲಿ ಬರೆಸಿ ಬಂದಳಲ್ಲ! ಹದಿನೈದು ದಿನ ನಾನು ಅಮ್ಮನಿಗೆ ಫೋನು ಮಾಡಲಿಲ್ಲ. ಅವಳದು ಬಂದರೆ ಮಲಗಿದ್ದಾಳೆ ಎಂದು ಎಡ್ವಿನ್ ಕೈಯಲ್ಲಿ ಹೇಳಿಸಿದೆ. ಉಳಿದ ದಿನಗಳು ಎಷ್ಟೆಂದು ಗೊತ್ತಿದ್ದರೆ ಯಾರು ಹದಿನೈದು ದಿನ ಸಿಟ್ಟುಮಾಡುತ್ತಾರೆ?

ಕಡೆಗೆ ನಾನೇ ಹೊಸ ಫೋನು ಕಾರ್ಡು ಉಜ್ಜಿ ನಂಬರು ಒತ್ತಿದೆ. ಅಮ್ಮನಿಗೆ ಕಿವಿ ಮಂದ. ಕಿರುಚಿ ಮಾತಾಡಬೇಕು. ಜಗಳವಾಡಲಿಕ್ಕೆ ಅದು ಅನುಕೂಲವೇ.

"ನಾನು ಸಾಯ್ತೇನೆ ಅಂತ ನಿಶ್ಚಯ ಮಾಡಿದಿಯಾ ನೀನು?"

"ಎಂತ?"

"ಜಾಗ! ಅಪ್ಪನ ಹತ್ತಿರದ ಜಾಗ!"

ಆಚೆ ಕುರ್ಚಿ ಎಳೆದುಕೊಂಡ ಸದ್ದು. ಆಮೇಲೆ, "ನೀನು ಸಣ್ಣದಿರುವಾಗ ಒಬ್ಬಳೇ ಮಲಗ್ತಿರ್ಲಿಲ್ಲ ಮಗಾ. ಅಪ್ಪನ ಪಕ್ಕವೇ ಆಗ್ಬೇಕು. ಬೇರೆ ಎಂತ ಮಾಡ್ಲಿಕ್ಕೆ ನನ್ನ ಕೈಯಲ್ಲಿ ಉಂಟು? ಅಲ್ಲಿಗೆ ಬರ್ಲಿಕ್ಕೆ ಪಾಸ್‌ಪೋರ್ಟ್ ಇಲ್ಲ, ನಿನಗೆ ಗಂಜಿ ಬೇಯಿಸ್ಲಿಕ್ಕೆ ಆಗುದಿಲ್ಲ. ಇದೊಂದು ಇತ್ತು ನನ್ನ ಹತ್ತಿರ, ಕೊಟ್ಟೆ."

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. "ಮತ್ತೆ ನಿಂಗೆ?" ಎಂದೆ.

"ನನ್ನನ್ನು ಗೋಡೆ ಬದಿಯಲ್ಲಿ ಹಾಕ್ಲಿ. ಕರ್ತನು ಬಂದಾಗ ಗೋಡೆ ಬದಿಯವರನ್ನು ಬಿಟ್ಟು ಹೋಗ್ತಾನಾ? ಅವರನ್ನೂ ಎಬ್ಬಿಸ್ತಾನೆ."

ಆ ದಿನ ನಾನು ಗಿರಿಜಕ್ಕನ ಪ್ರಶ್ನೆಯನ್ನೂ ಕೇಳಿದೆ. ಕೊಯ್ದ ಮೈಯಲ್ಲಿ ಏಳುವುದೋ, ಪೂರ್ತಿ ಮೈಯಲ್ಲೋ. ಅಮ್ಮ ಎರಡು ಸಲ ಕೇಳಿಸಿಕೊಂಡು ಹೇಳಿದಳು. "ಕರ್ತನು ಎದ್ದು ಬಂದಾಗ ಕೈಯ ಮೊಳೆಯ ತೂತು ಹಾಗೇ ಇತ್ತಲ್ಲ. ತೋರಿಸಿದನಲ್ಲ. ಗಾಯ ಇದ್ರೇ ಗುರ್ತ ಸಿಗುದು, ಹೆದರ್ಬೇಡ." ಆಮೇಲೆ, "ಗಂಜಿಗೆ ಉಪ್ಪು ಹಾಕಿ ಉಣ್ಣು" ಎಂದಳು.

ನಾನು ಹೋಗಿ ಕನ್ನಡಿಯ ಟವೆಲ್ ತೆಗೆದೆ. ನೋಡಿದೆ. ಮತ್ತೆ ಹೊದೆಸಿದೆ. ಅಷ್ಟಾದರೂ ಆಯಿತು.

ಮಾರ್ಚಿನಲ್ಲಿ ರೇಡಿಯೇಷನ್ ಶುರುವಾಯಿತು. ಶುಕ್ರ, ಶನಿ ಬಿಟ್ಟು ದಿನಾಲೂ, ಆರು ವಾರ. ಎರಡನೇ ವಾರದ ಮಂಗಳವಾರ ನಾನು ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬೆಳಿಗ್ಗೆ ಕಾಫಿ ಕುಡಿದು ಚಾವಡಿಯಲ್ಲಿ ಕೂತ ಅಮ್ಮ ಹಾಗೇ ಗೋಡೆಗೆ ಒರಗಿದ್ದಳಂತೆ. ಜೀವನ್ ಕರೆದಾಗ ಉತ್ತರ ಬರಲಿಲ್ಲ. ಕಿವಿ ಕೇಳಲಿಲ್ಲ ಎಂದುಕೊಂಡು ಅವನು ಪೇಪರ್ ಓದುತ್ತ ಕೂತನಂತೆ.

ನಾನು ಡಾಕ್ಟರಿಗೆ ಫೋನು ಮಾಡಿ ಬೇಡಿಕೊಂಡೆ. ನಾಲ್ಕೇ ದಿನ, ಹೋಗಿ ಬರುತ್ತೇನೆ. ಅವರು, "ನಿನ್ನ ರಕ್ತದ ಲೆಕ್ಕ ವಿಮಾನ ಹತ್ತುವಂತಿಲ್ಲ. ಚಿಕಿತ್ಸೆ ನಡುವೆ ಬಿಡುವಂತೆಯೂ ಇಲ್ಲ. ನನ್ನ ತಂಗಿಯಾದರೂ ನಾನು ಇದನ್ನೇ ಹೇಳುತ್ತಿದ್ದೆ" ಎಂದರು. ಎಡ್ವಿನ್ ಸೂಟ್‌ಕೇಸು ಮಂಚದ ಅಡಿಯಿಂದ ಎಳೆದವರು ಮತ್ತೆ ಒಳಗೆ ತಳ್ಳಿದರು.

ಸಂಜೆ ಜೀವನ್ ಮತ್ತೆ ಮಾಡಿದ. "ಅಕ್ಕ, ಅಮ್ಮನನ್ನ ಎಲ್ಲಿ ಇಡುದು? ಅಪ್ಪನ ಪಕ್ಕದ್ದು ನಿನ್ನ ಹೆಸರಲ್ಲಿ ಉಂಟು. ನೀನು ಹೇಳ್ಬೇಕಂತೆ."

ನಾಚಿಕೆಬಿಟ್ಟು ಬರೆಯುತ್ತೇನೆ. ಮೊದಲು ನನಗೆ 'ಆಮೇಲೆ ನಾನು?' ಎಂಬ ಯೋಚನೆ ಬಂತು. ಬದುಕಿರುವ ಮಗಳು ಸತ್ತ ತಾಯಿಯ ಜೊತೆ ಮಣ್ಣಿಗೆ ಪೈಪೋಟಿ ಮಾಡಿದ ಹಾಗೆ. ಆಮೇಲೆ, "ಅದು ಅಮ್ಮನದ್ದೇ. ಅಲ್ಲೇ ಇಡು" ಎಂದೆ.

ಮರುದಿನ ಮಣ್ಣು ಮಾಡುವಾಗ ಜೀವನ್ ಮೊಬೈಲನ್ನು ಅಂಗಿಯ ಜೇಬಿನಲ್ಲಿ ಚಾಲೂ ಇಟ್ಟುಕೊಂಡಿದ್ದ. ಹಾಡು ಕೇಳಿಸಿತು. ಅವನ ಎದೆಯ ಬಡಿತ ಕೇಳಿಸಿತೋ, ನನ್ನದೋ. ಆಮೇಲೆ ಮಣ್ಣು ಹಲಗೆಯ ಮೇಲೆ ಬೀಳುವ ಸದ್ದು. ನಾನು ಬಿನ್ ಒಮ್ರಾನ್‌ನ ಅಡಿಗೆಮನೆಯಲ್ಲಿ ನಿಂತು ಸಕ್ಕರೆ ಡಬ್ಬಿಯಿಂದ ಒಂದು ಮುಷ್ಟಿ ತೆಗೆದು ಸಿಂಕಿನೊಳಗೆ ಬಿಟ್ಟೆ. ಮಣ್ಣು ಎಲ್ಲಿತ್ತು ಅಲ್ಲಿ? ಗಿರಿಜಕ್ಕ ಬಂದು ನಲ್ಲಿ ತಿರುಗಿಸಿ ಸಿಂಕು ತೊಳೆದರು. ಆ ಒಂದು ದಿನ ಅವರು ಏನೂ ಕೇಳದೆ ಇದ್ದದ್ದಕ್ಕೂ ಸ್ತೋತ್ರ.

ಈಸ್ಟರ್ ಬಂದಾಗ ರೇಡಿಯೇಷನ್ನಿನ ಐದು ವಾರ ಮುಗಿದಿತ್ತು. ಎದೆಯ ಚರ್ಮ ಕಾವಲಿಯ ಹಾಗೆ ಕಪ್ಪಾಗಿತ್ತು. ಈ ದೇಶದಲ್ಲಿ ಆದಿತ್ಯವಾರ ಕೆಲಸದ ದಿನ, ಹಾಗಾಗಿ ನಮ್ಮವರು ಆಫೀಸಿಗೆ ಮೊದಲು ಮುಐದರಿನ ವಿಲ್ಲಾದ ತಾರಸಿಯಲ್ಲಿ ಬೆಳಗಿನ ಆರಾಧನೆ ಇಟ್ಟಿದ್ದರು. ಅದಕ್ಕೂ ಮುಂಚೆ, ಇಲ್ಲಿ ಇನ್ನೂ ಕತ್ತಲೆಯಿರುವಾಗಲೇ, ಜೀವನ್ ಊರ ಸ್ಮಶಾನದಿಂದ ಫೋನು ಮಾಡಿದ. ಅಲ್ಲಿ ಬೆಳಕಾಗುತ್ತಿತ್ತು. ಅಮ್ಮನ ಹೆಸರು ಓದುವುದನ್ನು ನಾನು ಕೇಳಬೇಕೆಂದು ಮೊದಲೇ ಹೇಳಿಟ್ಟಿದ್ದೆ.

ಕಾಗೆಗಳ ಸದ್ದು, ಯಾರದೋ ಮಗುವಿನ ಅಳು. ಅಯ್ಯನವರು ಓದತೊಡಗಿದರು. ಒಂದು ಹೆಸರು. "ಕರ್ತನು ಎದ್ದಿದ್ದಾನೆ." ಇನ್ನೊಂದು ಹೆಸರು. "ಕರ್ತನು ಎದ್ದಿದ್ದಾನೆ." ಮೂರನೆಯದಾಗಿ ಅವರು ಸ್ಪಷ್ಟವಾಗಿ ಓದಿದರು: "ಪ್ರೇಮಲತಾ."

ಸಭೆ ಉತ್ತರ ಕೊಡಲಿಲ್ಲ. ಒಂದಿಬ್ಬರು ಮಾತ್ರ ಅಭ್ಯಾಸಬಲದಿಂದ "ಕರ್ತನು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಗುಸುಗುಸು ಎದ್ದಿತು. ಆ ಅಯ್ಯನವರು ಹೊಸಬರು, ವರ್ಗವಾಗಿ ಬಂದು ಹದಿನೈದು ದಿನವೂ ಆಗಿರಲಿಲ್ಲ. ಸ್ಮಶಾನದ ಪುಸ್ತಕದಲ್ಲಿ ಅಮ್ಮ ಬರೆಸಿದ್ದ ನನ್ನ ಹೆಸರು ಹಾಗೇ ಉಳಿದಿತ್ತು. ಮಣ್ಣಾದ ತಾರೀಕನ್ನು ಮಾತ್ರ ಅದರ ಮುಂದೆ ಯಾರೋ ಬರೆದಿದ್ದರು. ಅದನ್ನು ನೋಡಿ ಪಟ್ಟಿಗೆ ಇಳಿಸಿಕೊಂಡಿದ್ದರು ಅವರು, ಪಾಪ.

ನಾನು ಮಂಚದ ಅಂಚಿನಲ್ಲಿ ಫೋನು ಹಿಡಿದು ಕೂತಿದ್ದೆ. ಅಪ್ಪನ ಪಕ್ಕ ನಾನು ಮಲಗಿದ್ದೇನೆಂದು ಊರಿಗೆಲ್ಲ ಸಾರಿ ಹೇಳಿದ ಹಾಗಾಯಿತು. ಆ ಜಾಗ ನನ್ನದಾಗಿತ್ತು. ಗುಂಡಿ ನನ್ನದು, ಹೆಸರು ನನ್ನದು, ಒಳಗಿರುವವಳು ಅಮ್ಮ. ಚಿಕ್ಕಂದಿನಿಂದ ಕೇಳಿದ್ದೆ, ನಮಗಾಗಿ ಒಬ್ಬನು ಸತ್ತನು, ನಮ್ಮ ಜಾಗದಲ್ಲಿ ಮಲಗಿದನು ಎಂದು. ಕಿವಿಯಲ್ಲಿ ಕೇಳಿದ್ದೆ. ಆ ಬೆಳಗ್ಗೆ ಅದು ಹೊಟ್ಟೆಗೆ ಇಳಿಯಿತು. ಸಮಾಧಾನವಾಯಿತು ಎನ್ನುವುದಿಲ್ಲ.

"ಅಕ್ಕ, ಅಕ್ಕ, ತಪ್ಪಾಯ್ತು, ನೀನು ಎಂತ ತಿಳ್ಕೊಳ್ಬೇಡ" ಎಂದು ಜೀವನ್ ಅಳುತ್ತಿದ್ದ. "ಆರಾಧನೆ ಮುಗಿದ ಮೇಲೆ ತಿದ್ದಿಸ್ತೇನೆ."

"ಈಗಲೇ ತಿದ್ದಿಸು."

"ಈಗ? ಎಲ್ಲರ ಎದುರು?"

"ಎಲ್ಲರ ಎದುರೇ. ಅಮ್ಮನ ಹೆಸರು ಓದ್ಲಿಕ್ಕೆ ಹೇಳು. ಗಟ್ಟಿಯಾಗಿ. ಅವಳಿಗೆ ಕಿವಿ ಕೇಳುದಿಲ್ಲ ಮಾರಾಯ. ಆ ದಿನ ಬಂದಾಗ ನನ್ನ ಹೆಸರು ಕರೆದ್ರೆ, ಪ್ರೇಮ ಹೋಗ್ಲಿ ಅಂತ ಅವಳು ಅಲ್ಲೇ ಮಲಗಿರ್ತಾಳೆ. ನೀನು ನೋಡು ಬೇಕಾದ್ರೆ."

ಅವನು ಅಳುತ್ತಲೇ ನಕ್ಕ. ನಡೆದುಹೋಗುವ ಸದ್ದು, ಯಾರ ಹತ್ತಿರವೋ ಮಾತು. ಆಮೇಲೆ ಅಯ್ಯನವರ ದನಿ, ಈ ಸಲ ಬಹಳ ಗಟ್ಟಿಯಾಗಿ: "ಲೀಲಾವತಿ."

ಊರಿನ ಸಭೆ ಉತ್ತರ ಕೊಟ್ಟಿತು. ನಾನೂ ಕೊಟ್ಟೆ. ನನ್ನ ದನಿ ಎಡ್ವಿನ್‌ಗೂ ಕೇಳಿಸುವಷ್ಟಿರಲಿಲ್ಲ.

ತಾರಸಿಯ ಆರಾಧನೆ ಮುಗಿಸಿ, ಎಡ್ವಿನ್ ನನ್ನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಕೆಲಸಕ್ಕೆ ಹೋದರು. ನೀರಿನ ಯಂತ್ರದ ಪಕ್ಕದ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಏಸಿಯ ಕೆಳಗೆ ಜಾಗ ಸಿಕ್ಕಿತು. ಶಾಲು ಹೊದ್ದುಕೊಂಡು ಫೈಲು ಹಿಡಿದು ಕೂತೆ. ಹೆದರಿಕೆ ಎಲ್ಲಿಯೂ ಹೋಗಿರಲಿಲ್ಲ, ನನ್ನ ಪಕ್ಕದಲ್ಲೇ ಕೂತಿತ್ತು. ಎಷ್ಟೋ ಹೊತ್ತಾದ ಮೇಲೆ ಬಾಗಿಲ ಹತ್ತಿರದ ಹೆಂಗಸು ಹಾಳೆ ನೋಡಿ ಕೂಗಿದಳು.

"ಬ್ರೇಮಾ!"

ಎದ್ದೆ.